ಬರೀ ನೀರು ಬರೆಯುವ ಮೇಡಮ್ಮು

ಚಾಮರಾಜನಗರ ಜಿಲ್ಲೆಯಲ್ಲಿ ಹುಟ್ಟಿ ಸಮುದ್ರದ ಚಿತ್ರ ಬರೆಯಲು ಹೊರಟರೆ ವಾರಕ್ಕೊಬ್ಬರಾದರೂ ನನ್ನ ಪಿತ್ತ ನೆತ್ತಿಗೇರಿಸದೆ ಬಿಡುವುದಿಲ್ಲ. ನಾನು ಗುಂಡ್ಲುಪೇಟೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರು. ಮದುವೆಯಾದ ಹೊಸದರಲ್ಲಿ ಯಜಮಾನರು ಕ್ಯಾಲಿಕಟ್‌ಗೆ ಕರೆದುಕೊಂಡು ಹೋಗಿದ್ದರು. ಸಮುದ್ರ ನೋಡುತ್ತಾ ನಿಂತವಳನ್ನು ಅವರು ಬಜ್ಜಿ ತಿನ್ನೋಣ ಬಾ ಅಂತ ನಾಲ್ಕು ಸಲ ಕರೆದರಂತೆ. ನನಗೆ ಕೇಳಿಸಲೇ ಇಲ್ಲ.

ಅವತ್ತಿನಿಂದ ನಾನು ಬರೆಯುವುದು ಅದೊಂದೇ. ದೋಣಿ ಇಲ್ಲ, ಮರ ಇಲ್ಲ, ಮುಳುಗುವ ಸೂರ್ಯ ಇಲ್ಲ. ಕೆಳಗೆ ನೀರು, ಮೇಲೆ ಆಕಾಶ, ಅಷ್ಟೇ. ನನ್ನ ಆಸೆಯೂ ಒಂದೇ. ನಮ್ಮ ಕಡೆಯವರು ಒಬ್ಬರಾದರೂ ಆ ಚಿತ್ರದ ಮುಂದೆ ನಿಂತು, ಏನನ್ನೂ ಸೇರಿಸು ಅನ್ನದೆ, ಸಮುದ್ರವನ್ನು ಸಮುದ್ರ ಅಂತ ನೋಡಲಿ. ಇದೇನು ದೊಡ್ಡ ಆಸೆಯಾ? ನೀವೇ ಹೇಳಿ.

ಎಷ್ಟೆಕರೆ?

ಚಾಮರಾಜನಗರದಲ್ಲಿ ನನ್ನ ಮೊದಲ ಪ್ರದರ್ಶನ. ಹನ್ನೊಂದು ಚಿತ್ರ, ಹನ್ನೊಂದೂ ಸಮುದ್ರ. ಬಂದವರೆಲ್ಲ ಸರಸರ ಒಂದು ಸುತ್ತು ಹಾಕಿ ಕಾಫಿ ಕುಡಿದು ಹೋದರು. ಹರವೆ ಕಡೆಯ ಒಬ್ಬ ಹಿರಿಯರು ಮಾತ್ರ, ಹೆಗಲ ಮೇಲೆ ಟವೆಲ್ಲು, ಹಣೆ ತುಂಬ ವಿಭೂತಿ, ಎಲ್ಲಕ್ಕಿಂತ ದೊಡ್ಡ ಚಿತ್ರದ ಮುಂದೆ ನಿಂತವರು ಕದಲಲೇ ಇಲ್ಲ. ಹತ್ತು ನಿಮಿಷ ಆಯಿತು. ಮೆಲ್ಲಗೆ ಹತ್ತಿರ ಹೋದೆ.

"ಯಾವೂರ್ ಕೆರೆ ಕಣವ್ವ ಇದು?"

"ಕೆರೆ ಅಲ್ಲ ಯಜಮಾನ್ರೆ, ಸಮುದ್ರ."

"ಎಷ್ಟೆಕ್ರೆ ಬತ್ತದೆ?"

"ಅದಕ್ಕೆ ಎಕರೆ ಲೆಕ್ಕ ಎಲ್ಲಿಂದ ಬಂತು? ಅದು ಮುಗಿಯೋದೇ ಇಲ್ಲ."

ಅವರ ಮುಖ ಕೆಂಪಾಯಿತು. "ಅಲ್ಲ, ಇಷ್ಟ್ ನೀರ್ ಮಡಿಕಂಡು ದಡದಲ್ ಒಂದ್ ಬಾಳೆಗಿಡ ಹಾಕಿಲ್ವಲ್ಲ! ಎಂಥ ಸೋಂಬೇರಿಗಳು ಕಣವ್ವ ಆ ಜನ?"

ಅದು ಉಪ್ಪುನೀರು, ಬೆಳೆ ಬರುವುದಿಲ್ಲ ಅಂದೆ. ಅವರು ಟವೆಲ್ಲು ಕೊಡವಿ ಇನ್ನೊಂದು ಹೆಗಲಿಗೆ ಹಾಕಿಕೊಂಡರು.

"ಉಪ್ಪುನೀರ್ಗೆ ತೆಂಗು ಬತ್ತದೆ. ಗೊತ್ತಿಲ್ದಿದ್ರೆ ಕೇಳ್ಬೇಕಿತ್ತು. ಆ ಮೂಲೇಲಿ ನಾಕ್ ಸಸಿ ಬರ್ದ್ಬುಡು, ಮುಂದಿನ್ ಸಲ ಬಂದಾಗ ನೋಡ್ತೀನಿ."

ಲಾರಿಯಲ್ಲಿ ವಾಪಸ್ಸು

ನೋಡದೆ ಬರೆದರೆ ಅಲೆ ಸುಳ್ಳಾಗುತ್ತದೆ. ಹಾಗಾಗಿ ಬೇಸಿಗೆ ರಜದಲ್ಲಿ ಒಂದು ಬೆಳಗ್ಗೆ ಬಸ್ಸು ಹತ್ತಿ ಒಬ್ಬಳೇ ಕ್ಯಾಲಿಕಟ್‌ಗೆ ಹೋದೆ. ಉಳಿಯಲು ರೂಮು ಮಾಡಿದ್ದೆ, ಯಜಮಾನರಿಗೂ ಹೇಳಿದ್ದೆ. ಮರಳ ಮೇಲೆ ಕೂತು, ಡ್ರಾಯಿಂಗ್ ಪುಸ್ತಕ ಇನ್ನೂ ಚೀಲದಿಂದ ತೆಗೆದಿರಲಿಲ್ಲ, ಬಣ್ಣ ಹೇಗೆ ಬದಲಾಗುತ್ತದೆ ಅಂತ ನೋಡುತ್ತಿದ್ದೆ. ಹಿಂದಿನಿಂದ ನಮ್ಮೂರ ಕನ್ನಡ ಕೇಳಿಸಿತು.

"ಲೋ, ನಮ್ ಡ್ರಾಯಿಂಗ್ ಮೇಡಮ್ಮು ಕಣ್ಲಾ!"

ತರಕಾರಿ ಲಾರಿಯ ಡ್ರೈವರು ಮತ್ತು ಲೋಡು ಇಳಿಸುವವನು. ಗುಂಡ್ಲುಪೇಟೆ ಮಾರ್ಕೆಟ್ಟಿನಿಂದ ಟೊಮೇಟೊ ತಂದು ಇಳಿಸಿ, ಊರಿಗೆ ಹೊರಡುವ ಮೊದಲು ಗಾಳಿಗೆ ಬಂದವರು. ಇಬ್ಬರೂ ನನ್ನ ಎರಡು ಪಕ್ಕ ಬಂದು ಕೂತರು. ಡ್ರೈವರು ತೀರಾ ಮೆತ್ತಗೆ ಕೇಳಿದ, "ಮನೇಲಿ ಏನಾರ ಮಾತು ಬಂತಾ ಮೇಡಮ್ಮ?"

"ಇಲ್ಲಪ್ಪ. ಸಮುದ್ರ ನೋಡೋಕೆ ಬಂದೆ."

"ಅಷ್ಟ್ ದೂರದಿಂದ ಒಬ್ರೇ ಬಂದು ಬರೀ ನೀರ್ ನೋಡಾರಾ? ಬುಡಿ ಮೇಡಮ್ಮ, ಎಲ್ರ ಮನೇಲೂ ಇದ್ದದ್ದೇ. ಎದ್ದೇಳಿ, ಓಗನ."

ಬ್ರಶ್ಶು ತೋರಿಸಿದೆ, ಪುಸ್ತಕ ತೋರಿಸಿದೆ, ಬೈದೆ. ಬೈದಷ್ಟೂ ಅವರಿಗೆ ಗಾಬರಿ ಜಾಸ್ತಿ. ಯಜಮಾನರಿಗೆ ಫೋನು ಹೋಗಿಯೇ ಬಿಟ್ಟಿತು. ರಾತ್ರಿ ಒಂಬತ್ತಕ್ಕೆ ಬಂಡೀಪುರ ಕಾಡಿನ ಗೇಟು ಮುಚ್ಚುತ್ತದೆ, ಬೇಗ ಹೊರಡಿ ಅಂತ ಅತ್ತು ಕರೆದು, ಕೊನೆಗೆ ನನ್ನನ್ನು ಲಾರಿಗೆ ಹತ್ತಿಸಿದರು. ಕಿಟಕಿ ಪಕ್ಕ ಕೂರಲೂ ಬಿಡಲಿಲ್ಲ, ಇಬ್ಬರ ನಡುವೆ ಕೂರಿಸಿಕೊಂಡರು. ನೋಡಲು ಹೋದ ಸಮುದ್ರ ನೋಡಿದ್ದು ಮುಕ್ಕಾಲು ಗಂಟೆ!

ಮನೆಗೆ ಬಂದರೆ ಅತ್ತೆ ಪಾಯಸ ಮಾಡಿದ್ದಾರೆ, ಪಕ್ಕದ ಮನೆಯವರು ನನ್ನ ಕೈ ಹಿಡಿದು ಬಿಡುತ್ತಿಲ್ಲ. ಯಜಮಾನರಿಗೆ ಎಲ್ಲ ಗೊತ್ತಿತ್ತಲ್ಲ, ಅವರಾದರೂ ನಗುತ್ತಾರೆ ಅಂದುಕೊಂಡೆ. ಅವರು ತಲೆ ತಗ್ಗಿಸಿ, "ಹಳೇ ಮಿಕ್ಸಿ ಬದಲಾಯಿಸಿ ಅಂತ ನೀನು ಅಂದಾಗ್ಲೇ ನಾನು ಕೇಳಿಸ್ಕೋಬೇಕಿತ್ತು ಕಣೇ," ಅಂದರು. ಮಾರನೇ ದಿನ ಹೊಸ ಮಿಕ್ಸಿ ಬಂತು.

ಈಶಾನ್ಯದ ಅಲೆ

ನಮ್ಮ ಶಾಲೆಯ ಕನ್ನಡ ಮೇಷ್ಟ್ರ ಗೃಹಪ್ರವೇಶಕ್ಕೆ ಒಂದು ಚಿತ್ರ ಕೊಟ್ಟಿದ್ದೆ. ಒಂದೇ ಒಂದು ಅಲೆ, ಮುರಿಯುವ ಗಳಿಗೆಯದು. ಮೂರು ತಿಂಗಳು ಒದ್ದಾಡಿ ಬರೆದದ್ದು. ಆರು ತಿಂಗಳ ಮೇಲೆ ಹೋದರೆ ಅದು ಹಾಲ್‌ನ ಗೋಡೆಯ ಮೇಲೆ ಇಲ್ಲ. ನೀರು ಈಶಾನ್ಯದಲ್ಲಿರಬೇಕು ಅಂತ ವಾಸ್ತುವಿನವರು ಹೇಳಿದರಂತೆ. ಈಶಾನ್ಯದಲ್ಲಿದ್ದದ್ದು ದೇವರಮನೆ. ನನ್ನ ಅಲೆ ಅಲ್ಲಿ ತೂಗುತ್ತಿತ್ತು, ಮೇಲೆ ಸೇವಂತಿಗೆ ಹಾರ, ನಟ್ಟನಡುವೆ ಮೂರು ಬೆರಳಲ್ಲಿ ಎಳೆದ ವಿಭೂತಿ!

"ಏನ್ ಮೇಷ್ಟ್ರೆ ಇದು? ಯಾರು ಬಳಿದದ್ದು?" ಅಂತ ಕೂಗಿಬಿಟ್ಟೆ.

ಮೇಷ್ಟ್ರು ಕೈ ಮುಗಿದರು. "ಗಂಗಮ್ಮ ಅಲ್ವಾ ಮೇಡಂ, ದಿನಾ ಪೂಜೆ ಮಾಡ್ತೀವಿ. ನೀವೇ ಮೇಲ್ಗಡೆ ಅಡ್ಡಡ್ಡ ವಿಭೂತಿ ಎಳ್ದು ಕೊಟ್ಟಿದ್ರಿ. ಮಾಸಿದಂಗಿತ್ತು ಅಂತ ನಮ್ಮವಳು ಹೊಸದಾಗಿ ಹಚ್ಚವಳೆ."

ಅದು ನೊರೆ ಸ್ವಾಮೀ, ನೊರೆ! ನನ್ನ ಮೂರು ತಿಂಗಳಲ್ಲಿ ಎರಡು ತಿಂಗಳು ಅದಕ್ಕೇ ಹೋಗಿತ್ತು.

ಬೇಗೂರಿನ ಗೋಡೆ

ಕೊನೆಗೊಂದು ಗೋಡೆ ಸಿಕ್ಕಿತು. ಬೇಗೂರಿನಲ್ಲಿ ಹೊಸ ಕಲ್ಯಾಣ ಮಂಟಪ ಕಟ್ಟಿಸಿದವರು ಊಟದ ಹಾಲಿನ ಗೋಡೆಗೆ ಏನಾದರೂ ಬರೆದುಕೊಡಿ ಅಂದರು. ಇಪ್ಪತ್ತೈದು ಅಡಿ ಉದ್ದ. ಅಂಥ ಗೋಡೆ ನನ್ನ ಜನ್ಮದಲ್ಲಿ ಮತ್ತೆ ಸಿಗುವುದಿಲ್ಲ ಅಂತ ಗೊತ್ತಿತ್ತು. ಸಂಬಳ ಬೇಡ, ಬಣ್ಣದ ಖರ್ಚು ಕೊಡಿ, ಆದರೆ ಬರೀ ಸಮುದ್ರ ಅಂದೆ.

"ಒಂದ್ ದೋಣಿ?" ಅಂದರು ಮಾಲೀಕರು.

"ಇಲ್ಲ."

"ಎರಡು ಹಂಸ?"

"ಸಮುದ್ರದಲ್ಲಿ ಹಂಸ ಇರಲ್ಲ."

"ಲಕ್ಷ್ಮಿ? ಅವಳು ಸಮುದ್ರದಿಂದಲೇ ಬಂದೋಳಲ್ವಾ ಮೇಡಂ?"

ಮಾತೇನೋ ಸರಿಯಾಗಿಯೇ ಇತ್ತು. ಆದರೂ ಒಪ್ಪಲಿಲ್ಲ. ಒಂದೂವರೆ ತಿಂಗಳು, ಶಾಲೆ ಬಿಟ್ಟ ಮೇಲೆ ಬೇಗೂರು ಬಸ್ಸು, ಏಣಿ, ಬಣ್ಣ. ಬೆನ್ನು ಬಿದ್ದುಹೋಯಿತು. ಮುಗಿದ ದಿನ ದೂರ ನಿಂತು ನೋಡಿದೆ. ಬಡಾಯಿ ಅಲ್ಲ, ಅದು ನಾನು ಬರೆದದ್ದರಲ್ಲೇ ಒಳ್ಳೆಯದು. ಕಣ್ಣಲ್ಲಿ ನೀರು ಬಂತು.

ಮೊದಲ ಮದುವೆಗೆ ಮಾಲೀಕರು ನನ್ನನ್ನೂ ಕರೆದರು. ರೇಷ್ಮೆ ಸೀರೆ ಉಟ್ಟು ಹೋದೆ. ಊಟದ ಹಾಲಿಗೆ ಕಾಲಿಟ್ಟರೆ, ನನ್ನ ಗೋಡೆ ಇಲ್ಲ! ಗೋಡೆಯ ಉದ್ದಕ್ಕೂ ಒಂದು ಫ್ಲೆಕ್ಸು. ಅದರಲ್ಲೂ ಸಮುದ್ರ! ಎರಡು ಡಾಲ್ಫಿನ್, ನಾಲ್ಕು ತೆಂಗಿನಮರ, ಮುಳುಗುವ ಸೂರ್ಯ, ಸೂರ್ಯನೊಳಗೆ ಗಂಡು ಹೆಣ್ಣಿನ ಫೋಟೊ.

ಮಾಲೀಕರು ಓಡಿ ಬಂದರು. "ಬೇಜಾರ್ ಮಾಡ್ಕೋಬೇಡಿ ಮೇಡಂ. ಗಂಡಿನ ಕಡೆಯವರು ಸಮುದ್ರದ್ದೇ ಬೇಕು ಅಂತ ಹಟ ಹಿಡಿದ್ರು."

ಅಷ್ಟರಲ್ಲಿ ನಮ್ಮ ಹೆಡ್‌ಮಾಸ್ಟ್ರು ಬಂದು ಎಲ್ಲರೆದುರು ನನ್ನ ಕೈ ಕುಲುಕಿದರು. "ಆ ಡಾಲ್ಫಿನ್ ಇದೆಯಲ್ಲ ಮೇಡಂ, ಜೀವಂತ!"

ಊಟ ಮಾಡದೆ ಹೊರಟುಬಿಡೋಣ ಅಂತ ಬಾಗಿಲ ಕಡೆ ತಿರುಗಿದೆ. ಕೊನೆಯ ಸಾಲಿನಲ್ಲಿ, ಗೋಡೆಗೆ ಒತ್ತಿಕೊಂಡು ಒಬ್ಬ ಅಜ್ಜಿ ಕೂತಿದ್ದಳು, ಚಂದಕವಾಡಿ ಕಡೆಯವಳಂತೆ. ಅಲ್ಲಿ ಫ್ಲೆಕ್ಸಿನ ಮೂಲೆಯ ದಾರ ಬಿಚ್ಚಿಹೋಗಿ, ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿತ್ತು. ಅಜ್ಜಿ ಎಡಗೈಯಲ್ಲಿ ಆ ಮೂಲೆ ಎತ್ತಿ ಹಿಡಿದು ಒಳಗೆ ನೋಡುತ್ತಾ ಇದ್ದಳು. ಎಲೆಯಲ್ಲಿ ಅನ್ನ ಆರುತ್ತಿತ್ತು. ಬಡಿಸುವವನು ಸಾರು ಬೇಕಾ ಅಂತ ಎರಡು ಸಲ ಕೇಳಿದ. ಅವಳಿಗೆ ಕೇಳಿಸಲಿಲ್ಲ.

ನಾನು ಹೋಗಿ ಪಕ್ಕದಲ್ಲಿ ನಿಂತೆ. ಕೇಳಿದೆ, "ಏನಜ್ಜಿ ನೋಡ್ತಿದ್ದೀ?"

"ಇದ್ರ ಇಂದ್ಗಡೆ ನೀರದೆ ಕಣಮ್ಮಿ," ಅಂದಳು ಪಿಸುಮಾತಿನಲ್ಲಿ. "ಮರ ಇಲ್ಲ, ದಡ ಇಲ್ಲ. ನೋಡ್ತಾ ನೋಡ್ತಾ ಎದೆ ಜಲ್ ಅಂತದೆ." ಕುರ್ಚಿಯ ಕೆಳಗಿದ್ದ ಎರಡೂ ಕಾಲು ಮೇಲಕ್ಕೆ ಎತ್ತಿಕೊಂಡು ಮಡಚಿ ಕೂತಳು. "ಮಕ್ಳು ಮರಿ ಓಡಾಡೋ ಜಾಗ. ಯಾರೋ ಪುಣ್ಯಾತ್ಮರು ಪರದೆ ಹಾಕಿ ಮುಚ್ಚವ್ರೆ. ಈ ಮೂಲೆ ಬಿಚ್ಚೋಗದೆ ನೋಡು, ಯಾರಾರ ಬಿದ್ದುಗಿದ್ದಾರು. ಬಿಗಿಯಾಗ್ ಕಟ್ಬುಡು."

ನಾನು ಬಗ್ಗಿ, ನನ್ನ ಕೈಯಾರೆ, ಎರಡು ಗಂಟು ಹಾಕಿ ಬಿಗಿಯಾಗಿ ಕಟ್ಟಿದೆ. ಆಮೇಲೆ ಅಜ್ಜಿಯ ಪಕ್ಕದಲ್ಲೇ ಕೂತು ಹೊಟ್ಟೆತುಂಬ ಉಂಡೆ.