ಬೆಳ್ಳಿ ಬಟ್ಟೆಯ ಅವಾಂತರಗಳು

ಎಷ್ಟು ಒಗೆದರೂ ಬೆಳ್ಳಿಯ ಅಂಶ ಬಿಡದ, ಕ್ರಿಮಿ ಕೊಲ್ಲುವ ಬಟ್ಟೆ ಮಾಡುವುದು ಠಾಣೆ ನಗರದ ಹತ್ತಿರದ ಮಹಾಪೆಯ ಲ್ಯಾಬಿನಲ್ಲಿ ನನ್ನ ಕೆಲಸ. ಲ್ಯಾಬಿನೊಳಗೆ ಎಲ್ಲ ಸರಿಯಾಗಿಯೇ ಇರುತ್ತದೆ. ಬಟ್ಟೆ ಬಾಗಿಲು ದಾಟಿತೋ, ಏನಾದರೊಂದು ಆಗದೆ ಇರುವುದಿಲ್ಲ.

ಲೋಕಲ್‌ನಲ್ಲಿ

ಠಾಣೆಯ ರೈಲು ನಿಲ್ದಾಣದಲ್ಲಿ ಲೋಕಲ್ ಹತ್ತಿ ನೇತಾಡುತ್ತಿದ್ದೆ. ಲ್ಯಾಬಿನಿಂದ ಸಹೋದ್ಯೋಗಿಯ ಫೋನ್: ಒಗೆದೊಗೆದು ನವೆದ ಬಟ್ಟೆಯ ಮೇಲೂ ಒಂದು ಬ್ಯಾಕ್ಟೀರಿಯಾ ಉಳಿದಿಲ್ಲ! ಮೈಮರೆತು, "ಸಬ್ ಮರ್ ಗಯೇ? ಏಕ್ ಭೀ ನಹೀ ಬಚಾ?" ಎಂದು, ಎಲ್ಲ ಸತ್ತುಹೋದರಾ, ಒಂದೂ ಉಳಿದಿಲ್ಲವಾ ಅಂತ, ಹಿಂದಿಯಲ್ಲೇ ಕೂಗಿಬಿಟ್ಟೆ. ಇಡೀ ಬೋಗಿ ನನ್ನತ್ತ ತಿರುಗಿತು. ಯಾರೋ ಎದ್ದು ಕಿಟಕಿ ಸೀಟು ಬಿಟ್ಟುಕೊಟ್ಟರು. ಇನ್ನೊಬ್ಬರು ನೀರು ಕೊಟ್ಟು ಬೆನ್ನು ಸವರಿದರು. ನಿಜ ಹೇಳಬಹುದಿತ್ತು. ಆದರೆ ಸಂಜೆಯ ಲೋಕಲ್‌ನಲ್ಲಿ ಕಿಟಕಿ ಸೀಟು! ಡೊಂಬಿವಲಿ ಬರುವ ತನಕ ತಲೆ ತಗ್ಗಿಸಿ ಕೂತೆ.

ಸಾಕ್ಸ್

ಪಕ್ಕದ ಮನೆಯವರು ಧಾರವಾಡದ ಕಡೆಯವರು. ಆ ಮನೆಯ ಯಜಮಾನರಿಗೆ ನಮ್ಮ ಬಟ್ಟೆಯ ಸಾಕ್ಸ್ ಕೊಟ್ಟು, "ಹಾಕಿ ನೋಡಿ, ಕ್ರಿಮಿ ಬೆಳೆಯುವುದಿಲ್ಲ" ಎಂದಿದ್ದೆ. ವಾರ ಕಳೆಯುವುದರೊಳಗೆ ಅವರ ಹೆಂಡತಿ ಬಂದು ಬಾಗಿಲು ಬಡಿದರು.

"ನಮ್ಮನಿಯವರಿಗೆ ಏನ್ ಹೇಳೀರಿ? ಒಗ್ಯಾಕ ಕೊಡ್ರಿ ಅಂದ್ರ, ಇದು ತಾನ ಸ್ವಚ್ಛ ಆಗತೈತಿ ಅಂತಾರ. ಕ್ರಿಮಿ ಸತ್ತಾವೋ ಏನೋ, ಇನ್ನ ನಮ್ಮ ಪಾಳಿ ನೋಡ್ರಿ!"

ಮಾವನ ಹೋಟೆಲು

ಒಂದು ದಿನ ನಮ್ಮ ಲ್ಯಾಬಿನ ಸಾಹೇಬರು ಖಡಾಖಂಡಿತವಾಗಿ ಹೇಳಿಬಿಟ್ಟರು: "ಲ್ಯಾಬಿನ ಪರೀಕ್ಷೆ ಸಾಕು. ಹೊರಗೆ ಒಂದು ತಿಂಗಳು ಒಗೆಸಿಕೊಂಡ ಮೇಲೂ ಕ್ರಿಮಿ ಕೊಂದರೆ ಮುಂದುವರಿಸೋಣ. ಇಲ್ಲದಿದ್ದರೆ ಈ ಕೆಲಸ ಬಂದ್." ವರ್ಷಗಟ್ಟಲೆ ಜೀವ ತೇಯ್ದ ಕೆಲಸ! ಠಾಣೆಯ ವರ್ತಕ ನಗರದಲ್ಲಿ ಉಡುಪಿ ಹೋಟೆಲು ನಡೆಸುವ ಸೋದರಮಾವನಿಗೆ ಬಟ್ಟೆ ಕೊಟ್ಟು, ಟೇಬಲ್ ಒರೆಸಿ ದಿನಾ ಒಗೆಯಿರಿ ಎಂದು ಕೈಮುಗಿದು ಬಂದೆ.

ತಿಂಗಳಾದ ಮೇಲೆ ಹೋಗಿ ನೋಡಿದರೆ, ಬಟ್ಟೆ ಗಣಪತಿಯ ಪೀಠದ ಮೇಲೆ!

"ಬೆಳ್ಳಿಯದ್ದಲ್ವಾ ಮಾರಾಯ, ಅದರಲ್ಲಿ ಎಂಜಲು ಒರೆಸ್ಲಿಕ್ಕುಂಟಾ?" ಎಂದರು ಮಾವ.

ನನಗೆ ಅಳುವೇ ಬಂತು. "ಹಾಗಾದ್ರೆ ಒಗೆದೇ ಇಲ್ವಾ ಮಾವ?"

"ಒಗೆಯದೆ? ದೇವರ ಬಟ್ಟೆ! ದಿನಾ ಎರಡು ಹೊತ್ತು ಕುದಿಯುವ ನೀರಿಗೆ ಹಾಕಿ, ಕಲ್ಲಿಗೆ ಬಡಿದು, ಮಡಿ ಮಾಡಿಯೇ ಹಾಸುವುದು."

ಖುಷಿಯಲ್ಲಿ ಕುಣಿದು ಕೈ ಚಾಚಿದೆ. ಮಾವ ಫಟ್ಟನೆ ಕೈಗೆ ಬಾರಿಸಿದರು. "ರೈಲಿನಲ್ಲಿ ನೂಕಾಡಿ ಬಂದವ ಮುಟ್ಟುವುದಾ? ಹೋಗಿ ಸ್ನಾನ ಮಾಡು!" ಕ್ರಿಮಿ ಕೊಲ್ಲುವ ಬಟ್ಟೆ ಕಂಡುಹಿಡಿದ ನಾನು ಹೋಟೆಲಿನ ಬಚ್ಚಲಲ್ಲಿ ತಣ್ಣೀರು ಸುರಿದುಕೊಂಡು, ಒದ್ದೆ ಟವೆಲಿನಲ್ಲೇ ನಿಂತು ಪರೀಕ್ಷೆಗೆಂದು ಆ ಬಟ್ಟೆಯ ಒಂದು ತುಂಡು ಕತ್ತರಿಸಿಕೊಂಡೆ.

ಪರೀಕ್ಷೆಯಲ್ಲಿ ಬಟ್ಟೆ ಗೆದ್ದೇಬಿಟ್ಟಿತು! ಸಾಹೇಬರು ನನ್ನನ್ನು ತಬ್ಬಿಕೊಂಡು, "ಕೆಲಸ ಮುಂದುವರಿಯಲಿ! ಆ ಬಟ್ಟೆಯನ್ನು ನಾನೇ ಹೋಗಿ ಮುಟ್ಟಿ ನೋಡಬೇಕು" ಎಂದರು. ಆ ಸಂಭ್ರಮದಲ್ಲೇ ಮಾವನಿಗೆ ಫೋನ್ ಮಾಡಿ, ಬಟ್ಟೆ ಮುಟ್ಟಿ ನೋಡಲು ಸಾಹೇಬರು ಬರುತ್ತಾರೆ ಎಂದೆ.

"ಬರಲಿ, ಬರಲಿ" ಎಂದರು ಮಾವ. "ಬರುವಾಗ ಒಂದು ಟವೆಲ್ ತರ್ಲಿಕ್ಕೆ ಹೇಳು."