ಮುಂದಕ್ಕೆ ಎಳೆದ ಸಾಮಾನು

ಕೊನೆಯ ಸಂಜೆಯೂ ನನ್ನ ಹೆಂಡತಿ ಸುಶೀಲಾ ಸಾಮಾನು ಮುಂದಕ್ಕೆ ಎಳೆಯುತ್ತಿದ್ದಳು. ರಾಯಬಾಗದ ಬಸ್ ನಿಲ್ದಾಣದ ಹಿಂದಿರುವ ನಮ್ಮ ಕಿರಾಣಿ ಅಂಗಡಿಯಲ್ಲಿ ದಿನದ ಕೊನೆಯ ಕೆಲಸವೇ ಅದು. ಮಾರಿ ಉಳಿದ ಚಹಾಪುಡಿ, ಸಾಬೂನು, ಬಿಸ್ಕೀಟುಗಳನ್ನೆಲ್ಲ ಕಪಾಟಿನ ಅಂಚಿಗೆ ತಂದು ಸಾಲಾಗಿ ನಿಲ್ಲಿಸುವಳು. ಹಿಂದೆ ಗೋಡೆಯವರೆಗೂ ಬಯಲು. ಮುಂದಿನಿಂದ ನೋಡಿದವರಿಗೆ ಮಾತ್ರ ಅಂಗಡಿ ತುಂಬಿ ತುಳುಕುವಂತೆ ಕಾಣಬೇಕು. ಬರಿದಾದ ಕಪಾಟು ಕಂಡರೆ ಗಿರಾಕಿ ಮೆಟ್ಟಿಲಿನಿಂದಲೇ ತಿರುಗಿ ಹೋಗುತ್ತಾನೆ ಎಂಬುದು ಅವಳ ನಂಬಿಕೆ. "ಇದು ಮಂದಿಗಿ ಮೋಸ ಅಲ್ಲೇನ?" ಎಂದು ಒಮ್ಮೆ ಕೇಳಿದ್ದೆ. ಅವಳು ನನ್ನ ತಲೆಯ ಕಡೆ ನೋಡಿ, "ನೀವು ಹಿಂದಿನ ನಾಕ ಕೂದಲಾ ಮುಂದಕ ಎಳಕೊಂಡು ಪ್ಯಾಟಿ ತುಂಬ ತಿರಗಾಡ್ತೀರಲ್ಲ, ಅದೇನ್ರಿ?" ಅಂದಳು. ಮತ್ತೆ ನಾನು ಆ ವಿಷಯ ಎತ್ತಲಿಲ್ಲ. ಬಾಚಣಿಗೆಯನ್ನೂ ಬಿಡಲಿಲ್ಲ.

ಆ ಸಂಜೆ ಅಶೋಕ ಬಂದಿದ್ದ. ನಮಗೆ ಸಾಮಾನು ಕಳಿಸುವ ಚಿಕ್ಕೋಡಿಯ ಸಗಟು ವ್ಯಾಪಾರಿಯ ಕಡೆಯವನು. ಕ್ಯಾಮೆರಾ ಕೂಡಿಸಲು ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತ, "ಕಾಕಾ, ಇದು ಕಳ್ಳರನ್ನ ಹಿಡಿಯೂ ಕ್ಯಾಮೆರಾ ಅಲ್ರಿ. ಇದಕ್ಕ ಬುದ್ಧಿ ಐತಿ. ಕಪಾಟ ನೋಡಿ, ಯಾವ ಸಾಮಾನ ಮುಗಿಯಾಕ ಬಂದೈತಿ ಅಂತ ನಮಗ ಹೇಳತೈತಿ. ನೀವು ಫೋನ ಮಾಡೂದ ಬ್ಯಾಡ, ಸಾಮಾನ ತಾನ ಬರತೈತಿ" ಎಂದ. ನನಗೆ ಸ್ವಲ್ಪ ಹಿಂಜರಿಕೆ. ಸುಶೀಲಾ ಬಿಸ್ಕೀಟಿನ ಸಾಲು ಸರಿ ಮಾಡುತ್ತಲೇ, "ಹಚ್ಚಲಿ ಬಿಡ್ರಿ. ನೋಡಾಕ ಇನ್ನೊಂದ ಕಣ್ಣ ಬಂತು. ಅದಕ್ಕೂ ಅಂಗಡಿ ತುಂಬಿ ಕಾಣಬೇಕ" ಅಂದಳು. ಮರುದಿನ ಬೆಳಿಗ್ಗೆ ಅವಳು ಏಳಲಿಲ್ಲ.

ಕಾರ್ಯಗಳೆಲ್ಲ ಮುಗಿದು ಅಂಗಡಿ ತೆರೆದ ಮೇಲೆ ಕ್ಯಾಮೆರಾ ಬಂತು. ಮಾಡಲು ನನಗೆ ಬೇರೇನೂ ತೋಚುತ್ತಿರಲಿಲ್ಲ. ಸಂಜೆಯಾದರೆ ಅವಳು ಮಾಡುತ್ತಿದ್ದಂತೆಯೇ ಎಲ್ಲವನ್ನೂ ಮುಂದಕ್ಕೆ ಎಳೆಯುತ್ತಿದ್ದೆ. ಸಾಬೂನಿನ ಹೆಸರು ಹೊರಮುಖವಾಗಿರಬೇಕು, ಉಪ್ಪಿನ ಪಾಕೀಟು ವಾಲಬಾರದು, ಇವೆಲ್ಲ ಅವಳ ಕಟ್ಟಳೆಗಳು. ಗಿರಾಕಿಗಳು "ಆರಾಮ ಅದೀರಿ?" ಎಂದು ಕೇಳಿದರೆ "ಆರಾಮ್ರಿ" ಅನ್ನುತ್ತಿದ್ದೆ. ಅದೂ ಮುಂದಕ್ಕೆ ಎಳೆದು ನಿಲ್ಲಿಸಿದ ಮಾತೇ. ಕ್ಯಾಮೆರಾ ದಿನಾಲು ಕಪಾಟಿನ ಮುಂದಿನ ಸಾಲು ನೋಡಿ, ಎಲ್ಲ ತುಂಬಿದೆ ಎಂದು ಚಿಕ್ಕೋಡಿಗೆ ತಿಳಿಸುತ್ತಿತ್ತು. ಅಲ್ಲಿಂದ ಸಾಮಾನು ಬರುವುದು ನಿಂತೇ ಹೋಯಿತು. ನನಗೆ ಅದರ ಅರಿವೂ ಇರಲಿಲ್ಲ.

ಒಂದು ದಿನ ಕಬ್ಬು ಕಡಿಯುವವರ ಗುಂಪಿನ ಮುಖಂಡನೊಬ್ಬ ಉಗಾರ ಬುದ್ರುಕಿಗೆ ಹೊರಟವನು ಟ್ರ್ಯಾಕ್ಟರ್ ನಿಲ್ಲಿಸಿ ಒಳಗೆ ಬಂದ. ತನ್ನ ಜನರಿಗೆಲ್ಲ ಸಾಕಾಗುವಷ್ಟು ಚಹಾಪುಡಿ ಬೇಕಿತ್ತು. ಮುಂದಿನ ಸಾಲನ್ನು ತೆಗೆದು ಕೊಟ್ಟೆ. "ಹಿಂದಿಂದ ಇನ್ನಷ್ಟ ತಗೀರಿ" ಎಂದ. ಕೈ ಹಾಕಿದೆ, ಗೋಡೆ ಸಿಕ್ಕಿತು. "ಹಿಂದ ಇಲ್ರಿ" ಎಂದೆ. "ಏನ್ ಶೇಟಜೀ, ಅಂಗಡಿ ತುಂಬೇತಿ ಅಂತ ಟ್ರ್ಯಾಕ್ಟರ್ ಇಳದ ಬಂದ್ನಲ್ರಿ!" ಎನ್ನುತ್ತ ಅವನು ಎದುರಿನ ಅಂಗಡಿಗೆ ನಡೆದ. ಸುಶೀಲಾಳ ಲೆಕ್ಕ ತಪ್ಪಿರಲಿಲ್ಲ. ಅವನನ್ನು ಟ್ರ್ಯಾಕ್ಟರಿನಿಂದ ಇಳಿಸಿದವಳು ಅವಳೇ, ಕಳಿಸಿಬಿಟ್ಟವನು ನಾನು.

ಅಶೋಕನನ್ನು ಕರೆಸಿ ಎಲ್ಲ ಹೇಳಿದೆ. ಅವನು ಕಪಾಟಿನ ಹಿಂದೆ ಇಣುಕಿ, "ಕಾಕಿ ಕಂಪ್ಯೂಟರಕ್ಕ ಟೋಪಿ ಹಾಕ್ಯಾರಲ್ರಿ!" ಎಂದು ನಕ್ಕ. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದ. "ಎಳಿಯೂದ ಬಿಡ್ರಿ ಕಾಕಾ. ಹಿಂದಕ ಸರಸ್ರಿ. ಇಲ್ಲಾಂದ್ರ ಅಂಗಡಿ ನಡಿಯೂದಿಲ್ಲ."

ಒಂದೊಂದೇ ಕಪಾಟಿನ ಸಾಮಾನು ಹಿಂದಕ್ಕೆ ಸರಿಸಿದೆ. ಕಟ್ಟಿದ ಹೂಮಾಲೆಯನ್ನು ಬಿಚ್ಚಿದ ಹಾಗಾಯಿತು. ಕ್ಯಾಮೆರಾಕ್ಕೆ ಆಗ ಎಚ್ಚರವಾಯಿತು. ಬಯಲು ಕಂಡಂತೆಲ್ಲ ಚಿಕ್ಕೋಡಿಗೆ ಸುದ್ದಿ ಹೋಗಿ ಪೆಟ್ಟಿಗೆಗಳು ಬಂದವು. ಅವನ್ನು ತುಂಬಲು ನಾನು ಕೆಳಗಿನ ಹಲಗೆಯ ಮುಂದೆ ಬಗ್ಗಿದ್ದಾಗ ಅಶೋಕನ ಫೋನು. "ಕಾಕಾ, ತೆಂಗಿನಕಾಯಿ ಒಂದ ಉಳದೈತಿ ಅಂತ ತೋರಸಾಕತ್ತೈತಿ. ಕಳಸಲೇನ್ರಿ?" ನೋಡಿದೆ. ತೆಂಗಿನಕಾಯಿಯ ಹಲಗೆಯಲ್ಲಿ ಒಂದೂ ಇರಲಿಲ್ಲ. ಮುಂದಕ್ಕೆ ಎಳೆದಿದ್ದ ಕೂದಲು ಬಗ್ಗಿದಾಗ ಜಾರಿತ್ತು, ಅಲ್ಲಿ ಇದ್ದದ್ದು ನನ್ನ ಬೋಳು ತಲೆ ಮಾತ್ರ. "ಅದು ಮಾರೂದಲ್ಲೋ ಮಾರಾಯಾ" ಎಂದೆ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ನಾನು ಹಾಗೇ ನಗುತ್ತ ತಕ್ಕಡಿಯ ಪಕ್ಕ ಸುಶೀಲಾ ಕೂರುತ್ತಿದ್ದ ಸ್ಟೂಲಿನ ಕಡೆ ತಿರುಗಿ, "ಕೇಳಿದೇನ ಇದನ್ನ?" ಅಂದುಬಿಟ್ಟೆ.

ಅಂಗಡಿಯಲ್ಲಿ ಈಗ ಗೋಡೆಯವರೆಗೂ ಸಾಮಾನಿದೆ. ಸುಶೀಲಾ ಇಲ್ಲ.