ಕಾರಿಗೊಂದು ತೋಳು

ನಮ್ಮ ಕಾರಿನ ಮೇಲೆ ನನಗಿದ್ದ ದೂರು ಒಂದೇ. ಅದು ಯೋಚನೆ ಮಾಡುತ್ತಿತ್ತು. ಪೆಡಲ್ ಒತ್ತಿದರೆ ಬೇರೆಯವರ ಕಾರು ಮುಂದಕ್ಕೆ ಚಿಮ್ಮುತ್ತದೆ. ನಮ್ಮದು "ಈಗಲೇ ಹೋಗಬೇಕಾ?" ಎನ್ನುವ ಹಾಗೆ ಒಂದು ಗಳಿಗೆ ತಡೆದು, ಆಮೇಲೆ ಒಲ್ಲದ ಮನಸ್ಸಿನಿಂದ ಹೊರಡುತ್ತಿತ್ತು. (ಬೆಳಿಗ್ಗೆ ನನ್ನನ್ನು ಎಬ್ಬಿಸುವಾಗಲೂ ಹೀಗೇ ಆಗುತ್ತದಂತೆ. ಹೆಂಡತಿಯ ಈ ಹೋಲಿಕೆ ಇಲ್ಲಿ ಅಪ್ರಸ್ತುತ.) ನಾಲ್ಕು ರಸ್ತೆ ಕೂಡುವಲ್ಲಿ ಹಿಂದಿನವರ ಹಾರನ್ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು.

ನಾನು ಹೈಸ್ಕೂಲಿನ ಗಣಿತ ಮೇಷ್ಟ್ರು. ನನ್ನ ಹೆಂಡತಿ ಟೈಲರ್. ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಆಸ್ಪತ್ರೆಗಳಿಗೆ ಬಿಳಿ ಕೋಟು ಹೊಲಿಯುತ್ತಾಳೆ. ಆ ವಾರ ನಲವತ್ತು ಕೋಟು ಹೊಲಿದು ಮುಗಿಸಿದ್ದಳು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಗೆ ಮುಟ್ಟಿಸಬೇಕು. ಹೊಸ ಗಿರಾಕಿ, ಮೊದಲ ಆರ್ಡರ್.

ಇತ್ತ ಶನಿವಾರ ಮಧ್ಯಾಹ್ನ ನನಗೆ ಜ್ಞಾನೋದಯವಾಯಿತು. ಫೋನಿನ ವಿಡಿಯೋದಲ್ಲಿ ಒಬ್ಬ ಮಹಾನುಭಾವ ಹೇಳುತ್ತಿದ್ದ: ಎಂಜಿನ್ ಗಾಳಿ ಕುಡಿದು ಬದುಕುವ ಪ್ರಾಣಿ. ಕಂಪನಿಯವರು ಅದರ ಮೂಗಿಗೆ ಒಂದು ಕಪ್ಪು ಡಬ್ಬಿ, ಒಂದು ಸೊಟ್ಟ ಕೊಳವೆ ಸಿಕ್ಕಿಸಿ ಉಸಿರು ಕಟ್ಟಿಸಿದ್ದಾರೆ. ಅದನ್ನು ಕಿತ್ತೆಸೆದು ಅಗಲವಾದ ಕೊಳವೆ ಹಾಕಿ, ಆಮೇಲೆ ನೋಡಿ!

ನಾನು ಬಾನೆಟ್ ಎತ್ತಿದೆ. ಕಪ್ಪು ಡಬ್ಬಿ ಎದುರಿಗೇ ಇತ್ತು. ಒಂದು ಬೋಲ್ಟ್ ಬರಲಿಲ್ಲವೆಂದು ಗರಗಸ ಹಿಡಿದೆ. ಡಬ್ಬಿ ಎರಡು ಹೋಳಾಗಿ ಕೈಗೆ ಬಂತು. ಅಡುಗೆಮನೆಯ ಹೊಗೆ ಹೊರಹಾಕಲು ತಂದು ಮಿಕ್ಕಿದ್ದ ಸುಕ್ಕುಸುಕ್ಕಿನ ಕೊಳವೆಯನ್ನು ಎಂಜಿನ್ನಿನ ಬಾಯಿಗೆ ಬಿಗಿದು, ತುದಿಗೆ ಅಂಗಡಿಯಿಂದ ತಂದ ಹೊಸ ಫಿಲ್ಟರ್ ಕೂರಿಸಿದೆ. ಕೀಲಿ ತಿರುಗಿಸಿದರೆ ಆಹಾ, ಏನು ಗರ್ಜನೆ! ಬೀದಿಯ ಕಿಟಕಿಗಳೆಲ್ಲ ತೆರೆದವು. ಹೆಮ್ಮೆಯಿಂದ ಪೆಡಲ್ ಒತ್ತಿದೆ.

ಕಾರು ಕೆಮ್ಮಿತು. ಶಿಳ್ಳೆ ಹಾಕಿತು. ಮೊದಲು ಒಂದು ಗಳಿಗೆ ಯೋಚಿಸುತ್ತಿದ್ದದ್ದು ಈಗ ಮೂರು ಗಳಿಗೆ ಯೋಚಿಸಿ, ನಿಂತೇ ಹೋಯಿತು. ಗತಿ ಹೆಚ್ಚಿಸಲು ಹೋದವನ ಗತಿ ಕೇಳುವವರೇ ಇರಲಿಲ್ಲ.

ಇರಲಿಲ್ಲ ಎನ್ನುವುದು ತಪ್ಪು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ರೀ, ಏನ್ರೀ ಇದು?"

"ಏನಿಲ್ಲ ಕಣೇ, ಸಣ್ಣ ಸುಧಾರಣೆ."

"ಸೋಮವಾರ ಕೋಟು ಯಾರು ಹೊತ್ಕೊಂಡು ಹೋಗ್ತಾರೆ? ನಿಮ್ಮ ಸುಧಾರಣೇನಾ?"

"ನಾಳೆ ಒಳಗೆ ಸರಿ ಮಾಡ್ತೀನಿ."

"ಹಳೇ ಡಬ್ಬಿ ಎಲ್ಲಿ?"

ನಾನು ಎರಡು ಹೋಳನ್ನೂ ತೋರಿಸಿದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ನಾನು ಇಂಗು ತಿಂದ ಮಂಗನ ಹಾಗೆ ಬಾನೆಟ್ ಮುಂದೆ ಕೂತಿದ್ದೆ. ನನ್ನ ತೊಡೆಯ ಮೇಲೆ ಆರು ಪುಟ ಲೆಕ್ಕ: ಕೊಳವೆಯ ವ್ಯಾಸ, ಗಾಳಿಯ ಪ್ರಮಾಣ, ವೇಗ. ಎಲ್ಲ ಸರಿಯಿತ್ತು, ಕಾರೊಂದನ್ನು ಬಿಟ್ಟು. ಹೆಂಡತಿ ಕಾಫಿ ಲೋಟ ಕೈಗಿಟ್ಟು, ತನ್ನ ಕೈಯನ್ನು ಆ ಸುಕ್ಕು ಕೊಳವೆಯೊಳಗೆ ಮೊಣಕೈವರೆಗೂ ತೂರಿಸಿದಳು. ಕಣ್ಣು ಮುಚ್ಚಿ, ಬೆರಳಲ್ಲೇ ತಡವಿದಳು.

"ಒಳಗೆಲ್ಲ ನೆರಿಗೆ ಇದೆ. ಬಾಗೋ ಜಾಗದಲ್ಲಿ ಚಪ್ಪಟೆ ಆಗಿದೆ. ಕಂಕುಳಲ್ಲಿ ಬಿಗಿಯಾದ ಅಂಗಿ ತೊಟ್ಟು ಕೈ ಎತ್ತೋಕೆ ಹೋದ ಹಾಗೆ."

"ಅದು ಅಂಗಿಯಲ್ಲ ಕಣೇ, ಎಂಜಿನ್ನು."

"ಒಳಗೆ ಹೋಗೋದು ಕೈ ಆದ್ರೇನು, ಗಾಳಿ ಆದ್ರೇನು? ಅಡ್ಡಿ ಇದ್ರೆ ಎರಡೂ ಸಿಕ್ಕಿಹಾಕ್ಕೊಳ್ತವೆ. ಅದೂ ಅಲ್ದೆ ಇದರ ಬಾಯಿ ಎಂಜಿನ್ ಪಕ್ಕಾನೇ ಇಟ್ಟಿದ್ದೀರಲ್ಲ, ಕುಡಿಯೋದೆಲ್ಲ ಬಿಸಿ ಗಾಳಿ. ಮುಂದಿನ ಜಾಲರಿ ಹತ್ರ ತಣ್ಣಗಿದೆ. ಅಲ್ಲಿಂದ ಇಲ್ಲೀತನಕ ಒಂದು ತೋಳು ಬೇಕು. ಭುಜದ ಹತ್ರ ಅಗಲ, ಮಣಿಕಟ್ಟಿಗೆ ಬರ್ತಾ ಸಣ್ಣ. ಮೊಣಕೈ ಒಂದೇ ಸಲಕ್ಕೆ ಮಡಿಸಬಾರದು, ಮೂರು ತುಂಡಲ್ಲಿ ಬಳಸ್ಕೊಂಡು ಬರಬೇಕು."

ಕೊರಳಲ್ಲಿದ್ದ ಟೇಪು ತೆಗೆದು ಅಳತೆ ಹಿಡಿದಳು. ಬಾನೆಟ್ ಒಳಗೆ ತಲೆ ತೂರಿಸಿ, "ಹದಿನೇಳೂವರೆ, ಬರ್ಕೊಳ್ಳಿ" ಎಂದಳು. ಬರೆದುಕೊಂಡೆ. ಇಪ್ಪತ್ತೆರಡು ವರ್ಷ ಬೇರೆಯವರಿಗೆ ಬರೆದುಕೊಳ್ಳಲು ಹೇಳಿದ ಬಾಯಿ ನನ್ನದು.

ಆಮೇಲೆ ನಡೆದದ್ದನ್ನು ಹೇಳುವಾಗ ಈಗಲೂ ನನ್ನ ದನಿ ಇಳಿಯುತ್ತದೆ. ಅವಳು ಕತ್ತರಿಸುವ ಮೇಜಿನ ಮೇಲೆ ಕಂದು ಕಾಗದ ಹಾಸಿ, ಚಪ್ಪಟೆ ಸೀಮೆಸುಣ್ಣ ತೆಗೆದುಕೊಂಡು ಒಂದೇ ಬೀಸಿನಲ್ಲಿ ಒಂದು ಗೆರೆ ಎಳೆದಳು. ಗೆರೆ ಮೆಲ್ಲಗೆ ಏರಿತು, ಗುಡ್ಡದ ಹಾಗೆ ದುಂಡಗಾಯಿತು, ಇಳಿಯಿತು. ಅಳತೆಪಟ್ಟಿ ಇಲ್ಲ, ಕೈವಾರ ಇಲ್ಲ. ಕತ್ತರಿಸಿ, ಕಾಗದವನ್ನು ಸುರುಳಿ ಸುತ್ತಿ ನನ್ನ ಮುಂದೆ ಹಿಡಿದಳು. ಕೊಳವೆಯ ತುದಿ ಚೂರಿಯಿಂದ ಓರೆಯಾಗಿ ಕೊಯ್ದ ಹಾಗೆ ಸಪಾಟಾಗಿತ್ತು! ಇನ್ನೊಂದು ತುಂಡು ಅದಕ್ಕೆ ತಾಗಿಸಿದಳು. ಎರಡೂ ಕೂದಲೆಳೆ ಸಂದಿಲ್ಲದೆ ಕೂಡಿ ಬಾಗಿ ನಿಂತವು.

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಆ ಗೆರೆ ನನಗೆ ಗೊತ್ತಿತ್ತು. ಸೈನ್ ರೇಖೆ! ಕೊಳವೆಯನ್ನು ಓರೆಯಾಗಿ ಕತ್ತರಿಸಿ ಬಿಡಿಸಿದರೆ ಆ ಅಂಚು ಸೈನ್ ರೇಖೆಯಾಗುತ್ತದೆ ಎಂದು ಎಷ್ಟು ಸಲ ಬೋರ್ಡಿನ ಮೇಲೆ ಸಾಧಿಸಿದ್ದೇನೆ! ಒಂದು ಸಲವೂ ಕಣ್ಣಾರೆ ಕಂಡಿರಲಿಲ್ಲ.

"ಇದನ್ನ ಎಲ್ಲಿ ಕಲಿತೆ?"

"ಕಲಿಯೋದೇನ್ರೀ? ತೋಳಿನ ತಲೆ ಹೀಗೇ ತಾನೆ ಇರೋದು? ದಿನಕ್ಕೆ ಹತ್ತು ಬರೀತೀನಿ."

ದಿನಕ್ಕೆ ಹತ್ತು! ನಾನು ಕೂತು ಹೋಂವರ್ಕ್ ತಿದ್ದುವ ಕುರ್ಚಿಯಿಂದ ನಾಲ್ಕು ಮಾರು ದೂರದಲ್ಲಿ! ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮದು ಹಿತ್ತಲೂ ಅಲ್ಲ, ಮುಂದಿನ ಕೋಣೆ.

ಭಾವಾವೇಶದಲ್ಲಿ, ಈ ಮಾದರಿ ಇಟ್ಟು ಕೊಳವೆಯ ತಗಡು ನಾನೇ ಕತ್ತರಿಸುತ್ತೇನೆಂದು ಅವಳ ಕತ್ತರಿಗೆ ಕೈ ಹಾಕಿದೆ.

"ಬಟ್ಟೆ ಕತ್ತರಿ ತಗಡಿಗೆ ಮುಟ್ಟಿಸಿದ್ರೆ ನೋಡಿ!"

ಮುಟ್ಟಿಸಲಿಲ್ಲ. ಕಾಗದದ ತುಂಡುಗಳನ್ನು ಸುತ್ತಿಕೊಂಡು, ಬೀದಿಯ ಕೊನೆಯಲ್ಲಿ ತಗಡಿನ ಲಾಳಿಕೆ, ಡಬ್ಬ ಮಾಡುವ ಅಜ್ಜನ ಬಳಿ ಇಬ್ಬರೂ ಹೋದೆವು. ಅಜ್ಜ ಕನ್ನಡಕ ಏರಿಸಿ ಒಂದೊಂದೇ ತುಂಡು ತಿರುಗಿಸಿ ನೋಡಿದ.

"ಮೇಷ್ಟ್ರೇ, ಈ ಅಳತೆ ತೆಗೆದೋರು ಯಾರು?"

ನಾನು ಗಣಿತದ ಮೇಷ್ಟ್ರೆಂದು ಅವನಿಗೆ ಗೊತ್ತು. ಸುಮ್ಮನೆ ಒಂದು ನಗೆ ನಕ್ಕಿದ್ದರೆ ಸಾಕಿತ್ತು, ಕೀರ್ತಿ ತಾನಾಗಿ ಬಂದು ಕೊರಳಿಗೆ ಬೀಳುತ್ತಿತ್ತು. ಬಾಯಿ ಅರ್ಧ ತೆರೆದಿತ್ತು ಕೂಡ. ಆದರೆ ಆ ಗೆರೆ ಕಣ್ಣ ಮುಂದೆ ಬಂತು. "ನಮ್ಮನೆಯವರು" ಎಂದೆ.

ಅಜ್ಜ ಎದ್ದು ನಿಂತ. "ಐವತ್ತು ವರ್ಷ ಆಯ್ತು ತಾಯಿ ತಗಡು ಬಾಗಿಸ್ತಾ. ಮೂಲೆ ಕೂಡಿಸೋಕೆ ಇವತ್ತಿಗೂ ತಟ್ಟಿ ತಟ್ಟಿ ನೋಡ್ತೀನಿ. ನೀವು ಕಾಗದದಲ್ಲೇ ಕೂಡಿಸಿಬಿಟ್ರಲ್ಲ!" ಎಂದು ಅವಳಿಗೆ ತನ್ನ ಸ್ಟೂಲು ಕೊಟ್ಟ. ನನಗೆ ಬೆಸುಗೆಯ ಹೊಗೆ ಬೀಸಲು ರಟ್ಟು ಕೊಟ್ಟ.

ಸಂಜೆಯೊಳಗೆ ತೋಳು ಸಿದ್ಧವಾಯಿತು. ಹಳೇ ಟ್ಯೂಬಿನ ರಬ್ಬರು ಸುತ್ತಿ ಎಂಜಿನ್ನಿಗೆ ಜೋಡಿಸಿ, ಆಚೆ ತುದಿಗೆ ಫಿಲ್ಟರ್ ಕೂರಿಸಿ ಕೀಲಿ ತಿರುಗಿಸಿದೆವು. ಗರ್ಜನೆ ಇಲ್ಲ. ಮಗು ನಿದ್ದೆಯಲ್ಲಿ ಉಸಿರೆಳೆದಂಥ ಸದ್ದು. ನನಗೆ ನಿರಾಶೆಯೇ ಆಯಿತು.

ಸೋಮವಾರ ಬೆಳಿಗ್ಗೆ ನಲವತ್ತು ಕೋಟು ಹಿಂದಿನ ಸೀಟಿನಲ್ಲಿ. ನಾಲ್ಕು ರಸ್ತೆ ಕೂಡುವಲ್ಲಿ ದೀಪ ಹಸಿರಾಯಿತು. ನಾನು ಅಭ್ಯಾಸಬಲದಿಂದ, ಕಾರು ಹೇಗೂ ಯೋಚಿಸುತ್ತದೆಂದು ಪೆಡಲನ್ನು ಜೋರಾಗಿಯೇ ಒತ್ತಿದೆ.

ಕಾರು ಯೋಚಿಸಲಿಲ್ಲ! ಪಾದದಲ್ಲಿ ಅನಿಸಿದ್ದು ಚಕ್ರದಲ್ಲಿ ಆಗಿಹೋಗಿತ್ತು. ನನ್ನ ಬೆನ್ನು ಸೀಟಿಗೆ ಅಂಟಿತು, ಕೋಟಿನ ಗಂಟು ಹಿಂದಿನ ಸೀಟಿಗೆ ಒರಗಿತು. ಹಾರನ್ ಹಾಕುವವರು ಕನ್ನಡಿಯಲ್ಲಿ ಚುಕ್ಕಿಗಳಾದರು. ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಆಸ್ಪತ್ರೆಯ ಮುಂದಿದ್ದೆವು. ನಾನು ಇಳಿಯದೆ ಸ್ಟೀರಿಂಗ್ ಹಿಡಿದು ಕೂತೇ ಇದ್ದೆ.

"ಏನಾಯ್ತ್ರೀ?"

"ಏನಿಲ್ಲ ಕಣೇ. ಸೈನ್ ರೇಖೆ."

"ಸೈನ್ ನಾನು ಹಾಕ್ತೀನಿ, ನೀವು ಗಂಟು ಇಳಿಸಿ," ಎಂದು ರಸೀದಿ ಪುಸ್ತಕ ತೆಗೆದುಕೊಂಡು ನಡೆದಳು.

ಇಷ್ಟಾದ ಮೇಲೆ ಸುಮ್ಮನಿರಬಹುದಿತ್ತು. ಬೆರಗು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮರುವಾರ ಅವಳನ್ನೇ ಒಪ್ಪಿಸಿ ಹತ್ತನೇ ತರಗತಿಗೆ ಕರೆದುಕೊಂಡು ಹೋದೆ. ಅವಳು ಹತ್ತು ನಿಮಿಷ ಮಾತಾಡಿದಳು. ನಲವತ್ತು ಮಕ್ಕಳು ನಲವತ್ತು ಕಾಗದದ ಕೊಳವೆ ಬಾಗಿಸಿ ಎತ್ತಿ ಹಿಡಿದರು. ನನ್ನ ಪಾಠದಲ್ಲಿ ಅಷ್ಟು ಕೈ ಎಂದೂ ಮೇಲೆದ್ದಿರಲಿಲ್ಲ.

"ಸಾರ್, ನೀವೂ ಒಂದು ಮಾಡಿ!" ಎಂದರು.

ಮಾನದ ಪ್ರಶ್ನೆ. ಪೈ ಬೆಲೆಯನ್ನು ಏಳು ದಶಮಾಂಶದವರೆಗೆ ಹಿಡಿದು, ಸೂತ್ರ ಹಾಕಿ, ಬಿಂದು ಬಿಂದು ಗುರುತಿಸಿ, ಇಪ್ಪತ್ತು ನಿಮಿಷದಲ್ಲಿ ಪರಮ ಶುದ್ಧವಾದ ರೇಖೆ ಎಳೆದು ಕತ್ತರಿಸಿದೆ. ಸುತ್ತಿದೆ. ಅಂಚಿಗೆ ಅಂಚು ಬಂದು ಮುಟ್ಟಿತು, ಅಷ್ಟೇ. ಒಂದರ ಮೇಲೊಂದು ಹೊದ್ದು ಅಂಟಲು ಎಳೆಯಷ್ಟೂ ಜಾಗವಿರಲಿಲ್ಲ. ಕೈ ಬಿಟ್ಟ ಕೂಡಲೇ ಕೊಳವೆ ಬಿಚ್ಚಿಕೊಂಡು ಮೇಜಿನ ಮೇಲೆ ಅಂಗಾತ ಮಲಗಿತು.

"ಸಾರ್, ಹೊಲಿಗೆಗೆ ಅಂಚು ಬಿಟ್ಟೇ ಇಲ್ಲ!" ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು.

"ನಿಮ್ಮ ಸಾರ್‌ಗೆ ಹತ್ತಕ್ಕೆ ಎಷ್ಟು ಕೊಡೋಣ?" ಹೆಂಡತಿ ಕೇಳಿದಳು.

ಮೂರು ಎಂದು ತೀರ್ಮಾನವಾಯಿತು. ಆಗ ಕೊನೆಯ ಬೆಂಚಿನಿಂದ, ನಾನು ಸತತವಾಗಿ ಫೇಲು ಮಾಡಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಪಾಪ, ಕಷ್ಟಪಟ್ಟಿದ್ದಾರೆ ಮೇಡಂ. ಪಾಸಾಗೋಕೆ ಇನ್ನೊಂದು ಮಾರ್ಕ್ ಹಾಕ್ಬಿಡಿ."

ಮೇಡಂ ಹಾಕಿದರು. ನಾನು ಎದ್ದು ನಿಂತು ಇಬ್ಬರಿಗೂ ಥ್ಯಾಂಕ್ಸ್ ಹೇಳಿ ಕೂತೆ.